ಏಳು ಹೆಸರು, ಆರು ಮೆಟ್ಟಿಲು

ಬಸ್ತಿಹಳ್ಳಿಯ ಬಸದಿಗಳ ಮುಂದೆ ಪ್ರವಾಸಿಗರ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರನನ್ನು ಸುತ್ತಿ ಕಾಲು ಸೋತವರು ಇಲ್ಲಿಯವರೆಗೆ ಬರುವುದೇ ಕಡಿಮೆ. ಬಂದವರೂ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ತಮ್ಮ ಮುಖ ನೋಡಿಕೊಂಡು, ಒಂದೆರಡು ಫೋಟೋ ಹೊಡೆದು, ಬೇಲೂರಿನ ದಾರಿ ಹಿಡಿಯುತ್ತಾರೆ. ಅಷ್ಟರಲ್ಲೇ ಡ್ರೈವರುಗಳಿಗೆ ಒಂದಿಷ್ಟು ಪುರುಸೊತ್ತು. ಅರಸೀಕೆರೆ ಕಡೆಯ ಒಬ್ಬ ಹಿರಿಯ ಡ್ರೈವರು ಗಾಡಿಗೆ ಒರಗಿ ನಿಂತು ತಾವು ಓಡಿಸಿದ ಗಾಡಿಗಳನ್ನು ಎಣಿಸುತ್ತಿದ್ದರು. ಮೊದಲು ಅಂಬಾಸಿಡರ್, ಆಮೇಲೆ ಕ್ವಾಲಿಸ್, ಅದು ಹೋದ ಮೇಲೆ ಟವೇರಾ, ಈಗ ಇನ್ನೋವಾ.

"ಕ್ವಾಲಿಸ್ ಏನ್ ಕಮ್ಮಿ ಓಡ್ತಿತ್ತಾ ಸಾರ್? ನಾವ್ ಬಿಡ್ಲಿಲ್ಲ, ಕಂಪ್ನಿಯೋರೇ ಬಿಟ್ರು. ಟವೇರಾನೂ ಅಷ್ಟೆ. ಓಡೋ ಗಾಡೀನ ಯಾಕ್ ಬಿಡ್ತಾರೋ ಏನೋ, ಅವರ ಲೆಕ್ಕ ನಮಗೇನ್ ಗೊತ್ತಾಗುತ್ತೆ ಹೇಳಿ."

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಟೊಯೊಟಾ ಕಿರ್ಲೋಸ್ಕರ್ ಕಂಪನಿ ಬಿಡದಿಯ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಬಿಟ್ಟ ಮೊದಲ ಗಾಡಿ ಕ್ವಾಲಿಸ್. ಐದೇ ವರ್ಷಕ್ಕೆ, ಅದಕ್ಕಿನ್ನೂ ಕೈತುಂಬ ಗಿರಾಕಿಗಳಿರುವಾಗಲೇ, ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಇನ್ನೋವಾ ಒಳ್ಳೆಯ ಗಾಡಿಯೇ, ಆದರೆ ದುಬಾರಿ. ಕ್ವಾಲಿಸ್ ಬೆಲೆಗೆ ಗಾಡಿ ಬೇಕಾದ ಬಾಡಿಗೆಯವರು ಎಲ್ಲಿಗೆ ಹೋಗಬೇಕು? ಹಿಂದಿನ ವರ್ಷವಷ್ಟೇ ಬಂದಿದ್ದ ಟವೇರಾದ ಕಡೆಗೆ ಹೋದರು. ಅದನ್ನು ಮಾರುತ್ತಿದ್ದದ್ದು ಜನರಲ್ ಮೋಟಾರ್ಸ್, ಷೆವರ್ಲೆ ಎಂಬ ಹೆಸರಿನಲ್ಲಿ. 2017ರ ಮೇ ತಿಂಗಳಲ್ಲಿ ಆ ಕಂಪನಿಯೂ ವರ್ಷಾಂತ್ಯಕ್ಕೆ ಭಾರತದಲ್ಲಿ ಮಾರಾಟ ನಿಲ್ಲಿಸುವುದಾಗಿ ಹೇಳಿ ಹೊರಟುಹೋಯಿತು. ಅಂಬಾಸಿಡರ್ ಕತೆ ಇನ್ನೂ ವಿಚಿತ್ರ. 2014ರ ಮೇ ತಿಂಗಳಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಗಾಡಿ ನಿಂತಿತು. 2017ರಲ್ಲಿ ಅದರ ಹೆಸರನ್ನು ಮಾತ್ರ ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಗಾಡಿಯಿಲ್ಲ, ಹೆಸರಿಗೆ 80 ಕೋಟಿ!

ಹಾಗಾದರೆ "ಅವರ ಲೆಕ್ಕ" ಏನು? ಕಷ್ಟದಲ್ಲಿರುವ ಕಂಪನಿ ಯಾವ ಹೆಸರನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಮೊದಲು ಕುಳಿತು ಲೆಕ್ಕ ಹಾಕಿದವರು ಯಾರು? ಅದಕ್ಕೊಂದು ಇಸವಿ ಇದೆ, ತಿಂಗಳೂ ಇದೆ. ಸ್ವಾರಸ್ಯವೆಂದರೆ ಆ ಲೆಕ್ಕ ಹುಟ್ಟಿದ್ದು ಟವೇರಾ ಮಾರಿದ ಕಂಪನಿಯಲ್ಲೇ.

ಜನರಲ್ ಮೋಟಾರ್ಸ್ ಕಟ್ಟಿದವರು ವಿಲಿಯಂ ಡ್ಯುರಾಂಟ್. ಸಾರೋಟು ಮಾಡಿಸಿ ಮಾರಿ ದುಡ್ಡು ಕಂಡ ಮನುಷ್ಯ. 1908ರಲ್ಲಿ ಬ್ಯೂಯಿಕ್ ಕಾರನ್ನು ಮುಂದಿಟ್ಟುಕೊಂಡು ಕಂಪನಿ ಶುರು ಮಾಡಿದರು. ಕಣ್ಣಿಗೆ ಬಿದ್ದ ಕಾರು ಕಂಪನಿಗಳನ್ನೆಲ್ಲ ಕೊಳ್ಳುತ್ತ ಹೋದರು. ಎರಡೇ ವರ್ಷದಲ್ಲಿ ಸಾಲ ಮೈಮೇಲೆ ಬಂತು, ಬ್ಯಾಂಕಿನವರು ಅವರನ್ನು ಬದಿಗೆ ಸರಿಸಿದರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ರೇಸ್ ಡ್ರೈವರ್ ಲೂಯಿ ಷೆವರ್ಲೆಯ ಹೆಸರಲ್ಲಿ 1911ರಲ್ಲಿ ಇನ್ನೊಂದು ಕಂಪನಿ ತೆಗೆದು, ಅದರ ಬಲದಿಂದಲೇ 1916ರಲ್ಲಿ ಜನರಲ್ ಮೋಟಾರ್ಸನ್ನು ಮತ್ತೆ ವಶ ಮಾಡಿಕೊಂಡರು. ಮತ್ತೆ ಕೊಳ್ಳುವ ಚಾಳಿ. 1920ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿಯಿತು. ಸೆಪ್ಟೆಂಬರಿನಲ್ಲಿ ಹೆನ್ರಿ ಫೋರ್ಡ್ ತನ್ನ ಕಾರಿನ ಬೆಲೆ ಇಳಿಸಿದ. ಜನರಲ್ ಮೋಟಾರ್ಸ್ ಬೆಲೆ ಇಳಿಸಲಿಲ್ಲ, ಗಾಡಿಗಳು ನಿಂತಲ್ಲೇ ನಿಂತವು. ಬೀಳುತ್ತಿದ್ದ ಷೇರಿನ ಬೆಲೆಯನ್ನು ಎತ್ತಿಹಿಡಿಯಲು ಹೋಗಿ ಡ್ಯುರಾಂಟ್ ಸ್ವಂತ ಸಾಲದಲ್ಲಿ ಮುಳುಗಿದರು. ನವೆಂಬರ್ 30ಕ್ಕೆ ರಾಜೀನಾಮೆ ಕೊಟ್ಟು ನಡೆದರು. ಷೇರುಗಳನ್ನು ಹಿಡಿದುಕೊಂಡಿದ್ದ ಪಿಯರ್ ಡು ಪಾಂಟ್, ಸಿಡಿಮದ್ದಿನ ಕಂಪನಿಯ ಮನೆತನದವರು, ಒಲ್ಲದ ಮನಸ್ಸಿನಿಂದ ಅಧ್ಯಕ್ಷರಾದರು. ಅವರ ಬಲಗೈಯಾಗಿ ಬಂದವರು ಆಲ್ಫ್ರೆಡ್ ಸ್ಲೋನ್. ಸ್ಲೋನ್ ಮೂಲತಃ ರೋಲರ್ ಬೇರಿಂಗ್ ಮಾಡಿಸುತ್ತಿದ್ದವರು. ತೆಳ್ಳಗೆ ಎತ್ತರದ ಆಳು, ಮಾತು ಕಡಿಮೆ, ಕಾಗದ ಹೆಚ್ಚು.

ಆಗ ಆ ಮನೆಯಲ್ಲಿದ್ದ ಹೆಸರುಗಳು ಏಳು: ಷೆವರ್ಲೆ, ಓಕ್‌ಲ್ಯಾಂಡ್, ಓಲ್ಡ್ಸ್, ಸ್ಕ್ರಿಪ್ಸ್-ಬೂತ್, ಶೆರಿಡನ್, ಬ್ಯೂಯಿಕ್, ಕ್ಯಾಡಿಲಾಕ್. ಈ ಏಳು ಹೆಸರಿನಡಿ ಹತ್ತು ಬಗೆಯ ಕಾರು. ಬೆಲೆಪಟ್ಟಿಯನ್ನು ಒಮ್ಮೆ ಓದಿದರೆ ರೋಗ ತಾನೇ ಗೊತ್ತಾಗುತ್ತದೆ. ದೊಡ್ಡ ಷೆವರ್ಲೆ 1,320ರಿಂದ 2,075 ಡಾಲರ್. ಓಕ್‌ಲ್ಯಾಂಡ್ 1,395ರಿಂದ 2,065. ನಾಲ್ಕು ಸಿಲಿಂಡರಿನ ಓಲ್ಡ್ಸ್ 1,445ರಿಂದ 2,145. ಸ್ಕ್ರಿಪ್ಸ್-ಬೂತ್ 1,545ರಿಂದ 2,295. ಶೆರಿಡನ್ 1,685. ಒಂದೇ ಬೆಲೆಯ ಗಿರಾಕಿಯ ತೋಳನ್ನು ಒಂದೇ ಮನೆಯ ಐವರು ಹಿಡಿದು ಎಳೆಯುತ್ತಿದ್ದರು! ಕೆಳಗಡೆಗೆ ನೋಡಿದರೆ ಯಾರೂ ಇಲ್ಲ. ಅತಿ ಅಗ್ಗದ ಚಿಕ್ಕ ಷೆವರ್ಲೆಗೂ 795 ಡಾಲರ್ ಆಗುತ್ತಿತ್ತು. ಫೋರ್ಡ್ ಕಂಪನಿಯ ಟಿ ಮಾಡೆಲ್ ಅದರ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತಿತ್ತು. 1921ರಲ್ಲಿ ಅಮೆರಿಕದಲ್ಲಿ ಮಾರಾಟವಾದ ನೂರು ಗಾಡಿಗಳಲ್ಲಿ ಸುಮಾರು ಅರವತ್ತು ಫೋರ್ಡ್, ಬರೀ ನಾಲ್ಕು ಷೆವರ್ಲೆ. ಏಳು ಹೆಸರಿನಲ್ಲಿ ಲಾಭ ತರುತ್ತಿದ್ದದ್ದು ಬ್ಯೂಯಿಕ್ ಮತ್ತು ಕ್ಯಾಡಿಲಾಕ್ ಎರಡೇ.

ಇಂಥ ಸ್ಥಿತಿಯಲ್ಲಿ ಯಾರಾದರೂ ಮಾಡುವ ಕೆಲಸವನ್ನೇ ಕಂಪನಿ ಮಾಡಿತು, ಹೊರಗಿನ ತಜ್ಞರನ್ನು ಕರೆಸಿತು. ಸಲಹೆಗಾರ ಎಂಜಿನಿಯರುಗಳು ಕಾರ್ಖಾನೆಗಳನ್ನೆಲ್ಲ ಸುತ್ತಿದರು, ಪುಸ್ತಕ ತೆಗೆಸಿ ನೋಡಿದರು, ವರದಿ ಕೊಟ್ಟರು. ಷೆವರ್ಲೆಯನ್ನು ಪೂರ್ತಿ ಮುಚ್ಚಿಬಿಡಿ, ಅದು ಫೋರ್ಡ್ ಎದುರು ಯಾವತ್ತಿಗೂ ನಿಲ್ಲುವುದಿಲ್ಲ, ಲಾಭಕ್ಕಂತೂ ಬರುವುದೇ ಇಲ್ಲ ಎಂಬುದು ಅದರ ಸಾರ.

ಆ ವರದಿಯಲ್ಲಿ ಅಂಕಿ ತಪ್ಪಿರಲಿಲ್ಲ. ಷೆವರ್ಲೆಯ ಗುಣಮಟ್ಟ ಕೆಟ್ಟಿತ್ತು, ಬೆಲೆ ಹೆಚ್ಚಿತ್ತು, ಹಣ ಸೋರುತ್ತಿತ್ತು. ನನ್ನ ಕೈಗೆ ಆ ಪುಸ್ತಕ ಕೊಟ್ಟಿದ್ದರೆ ನಾನೂ ಮುಚ್ಚಿ ಅಂತಲೇ ಬರೆಯುತ್ತಿದ್ದೆನೇನೋ. ಸ್ಲೋನ್ ಮಾತ್ರ ವರದಿ ಓದಿ ಸಿಟ್ಟಾದರು. ನೆಟ್ಟಗೆ ಡು ಪಾಂಟ್ ಬಳಿ ಹೋಗಿ ವಾದ ಮಾಡಿದರು. ಅಗ್ಗದ ಕಾರು ಕೊಳ್ಳುವವರೇ ಯಾವತ್ತೂ ಹೆಚ್ಚು ಜನ, ಆ ಜಾಗವನ್ನು ಬಿಟ್ಟುಕೊಟ್ಟರೆ ಇಡೀ ಬಯಲನ್ನೇ ಫೋರ್ಡ್‌ಗೆ ಬರೆದುಕೊಟ್ಟ ಹಾಗೆ ಎಂಬುದು ಅವರ ಮಾತಿನ ತಿರುಳು. ಡು ಪಾಂಟ್ ಸ್ವಲ್ಪ ಹೊತ್ತು ಕೇಳಿ ವರದಿಯನ್ನು ಬದಿಗಿಟ್ಟರು. ಷೆವರ್ಲೆ ಉಳಿಯಿತು. ಆದರೆ ಅಧ್ಯಕ್ಷರ ಮನಸ್ಸು ಒಲಿಸಿ ಉಳಿಸಿಕೊಂಡದ್ದಕ್ಕೆ ಲೆಕ್ಕ ಅನ್ನಲಾಗುವುದಿಲ್ಲ. ಯಾಕೆ ಉಳಿಸಬೇಕು ಎಂಬುದಕ್ಕೆ ಮಾತಿನ ಬಿಸಿಗಿಂತ ಗಟ್ಟಿಯಾದ ಆಧಾರ ಬೇಕಿತ್ತು.

1921ರ ಏಪ್ರಿಲ್ 6ರಂದು ಒಂದು ವಿಶೇಷ ಸಮಿತಿ ಮಾಡಿದರು. ಸ್ಲೋನ್ ಜೊತೆಗೆ ಬ್ಯೂಯಿಕ್ ನಡೆಸುತ್ತಿದ್ದವರು, ಷೆವರ್ಲೆ ನಡೆಸುತ್ತಿದ್ದವರು, ಹಿಂದೆ ಫೋರ್ಡ್ ಕಾರುಗಳ ಮಾರಾಟ ನೋಡಿಕೊಂಡಿದ್ದ ನಾರ್ವಲ್ ಹಾಕಿನ್ಸ್, ಹ್ಯಾಂಡಲ್ ತಿರುಗಿಸದೆ ಕಾರು ಸ್ಟಾರ್ಟ್ ಆಗುವ ಸಾಧನ ಕಂಡುಹಿಡಿದ ಚಾರ್ಲ್ಸ್ ಕೆಟರಿಂಗ್. ಈ ಪಟ್ಟಿಯಲ್ಲಿ ಹಾಕಿನ್ಸ್ ಇದ್ದದ್ದು ಗಮನಿಸಬೇಕಾದ್ದು. ವೈರಿಯ ಮನೆಯ ಒಳಹೊರಗು ತಿಳಿದವರು ಅವರೊಬ್ಬರೇ. ಸುಮಾರು ಒಂದು ತಿಂಗಳು ಕೂತು ಕೆಲಸ ಮುಗಿಸಿದರು. ಜೂನ್ ತಿಂಗಳಲ್ಲಿ ವರದಿ ಮೇಲಕ್ಕೆ ಹೋಯಿತು.

ಅವರು ಮಾಡಿದ್ದು ಕೇಳಲು ತೀರಾ ಸರಳ. ಕಾರುಗಳ ಹೆಸರನ್ನೆಲ್ಲ ಸ್ವಲ್ಪ ಹೊತ್ತು ಮರೆತರು. ಹಾಳೆಯ ಮೇಲೆ ಬೆಲೆಗಳನ್ನಷ್ಟೇ ಬರೆದರು. 450ರಿಂದ 600 ಡಾಲರ್, 600ರಿಂದ 900, 900ರಿಂದ 1,200, 1,200ರಿಂದ 1,700, 1,700ರಿಂದ 2,500, 2,500ರಿಂದ 3,500. ಆರು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ ಒಂದೇ ಕಾರು. ಎರಡು ಮೆಟ್ಟಿಲಿನ ನಡುವೆ ದೊಡ್ಡ ಕಂದಕ ಇರಕೂಡದು, ಒಂದು ಮೆಟ್ಟಿಲ ಮೇಲೆ ಇಬ್ಬರು ನಿಂತು ತಳ್ಳಾಡಕೂಡದು. ಆಮೇಲೆ ಹೆಸರುಗಳನ್ನು ಒಂದೊಂದಾಗಿ ಕರೆದು, ನಿನಗೆ ಜಾಗ ಎಲ್ಲಿ ಎಂದು ಕೇಳಿದರು.

ನನ್ನ ಲೆಕ್ಕದಲ್ಲಿ ಆವಿಷ್ಕಾರ ಅಂದರೆ ಇದೇ. ಅಲ್ಲಿಯವರೆಗೆ ಹೆಸರೊಂದರ ಹಣೆಬರಹ ಅದರದೇ ಖಾತೆಯಲ್ಲಿತ್ತು. ಎಷ್ಟು ಮಾರಿತು, ಎಷ್ಟು ಗಳಿಸಿತು, ಎಷ್ಟು ಕಳೆಯಿತು, ಅಷ್ಟೇ. ಸಮಿತಿ ಆ ಪ್ರಶ್ನೆಯನ್ನೇ ಪಲ್ಲಟ ಮಾಡಿತು. ಇವತ್ತು ಈ ಹೆಸರು ಎಷ್ಟು ಗಳಿಸುತ್ತಿದೆ ಎಂಬುದು ಎರಡನೆಯ ಮಾತಾಯಿತು. ಈ ಹೆಸರನ್ನು ತೆಗೆದರೆ ಸಾಲಿನಲ್ಲಿ ತೂತು ಬೀಳುತ್ತದೆಯೇ, ಆ ತೂತಿನಲ್ಲಿ ಯಾರು ನುಗ್ಗುತ್ತಾರೆ ಎಂಬುದು ಮೊದಲನೆಯದಾಯಿತು. ಈ ಅಳತೆಗೆ ಹಿಡಿದಾಗ ನಷ್ಟದ ಷೆವರ್ಲೆ ಅನಿವಾರ್ಯವಾಯಿತು, ಯಾಕೆಂದರೆ ಕೆಳಗಿನ ಮೆಟ್ಟಿಲಿಗೆ ಇಳಿಸಬಹುದಾದ ಹೆಸರು ಬೇರೆ ಇರಲಿಲ್ಲ. ಸ್ಕ್ರಿಪ್ಸ್-ಬೂತ್, ಶೆರಿಡನ್ ಎರಡಕ್ಕೂ ನಿಲ್ಲಲು ನೆಲೆಯೇ ಸಿಗಲಿಲ್ಲ. ಅವಕ್ಕೆ ಸ್ವಂತ ಎಂಜಿನ್ ಕೂಡ ಇರಲಿಲ್ಲ. ಸ್ಕ್ರಿಪ್ಸ್-ಬೂತ್ ಓಡುತ್ತಿದ್ದದ್ದು ಓಕ್‌ಲ್ಯಾಂಡಿನ ಎಂಜಿನ್ ಇಟ್ಟುಕೊಂಡು. ಎರಡನ್ನೂ ಕೈಬಿಟ್ಟರು. ಶೆರಿಡನ್ ಕಾರ್ಖಾನೆಯನ್ನು ಕೊಂಡವರು ಯಾರು ಗೊತ್ತೇ? ಅದೇ ಡ್ಯುರಾಂಟ್! ಅಷ್ಟೊತ್ತಿಗೆ ಅವರು ಹೊಸದೊಂದು ಕಾರು ಕಂಪನಿ ಶುರು ಮಾಡಿಯಾಗಿತ್ತು.

ಸಮಿತಿಯ ಇನ್ನೊಂದು ಜಾಣತನ ಬೆಲೆಯ ಗೆರೆ ಎಳೆದ ಬಗೆಯಲ್ಲಿತ್ತು. ಪ್ರತಿ ಮೆಟ್ಟಿಲಿನ ಕಾರನ್ನೂ ಆ ಮೆಟ್ಟಿಲಿನ ಮೇಲಂಚಿನ ಬೆಲೆಗೆ ಇಡಬೇಕು, ಗುಣವನ್ನು ಆ ಬೆಲೆಗಿಂತ ಒಂದು ಕೈ ಮಿಗಿಲು ಮಾಡಬೇಕು. ಆಗ ಕೆಳಗಿನವನು, ಇನ್ನೊಂಚೂರು ಹಾಕಿದರೆ ಇಷ್ಟು ಒಳ್ಳೆಯ ಗಾಡಿ ಬರುತ್ತಲ್ಲ ಅಂತ ಹತ್ತಿ ಬರುತ್ತಾನೆ. ಮೇಲಿನವನು, ಇದೂ ಹೆಚ್ಚುಕಡಿಮೆ ಅದೇ ತಾನೇ, ದುಡ್ಡು ಉಳಿಯುತ್ತಲ್ಲ ಅಂತ ಇಳಿದು ಬರುತ್ತಾನೆ. ಫೋರ್ಡ್ ಜೊತೆ ಅದರದೇ ಬೆಲೆಗೆ ಗುದ್ದಾಡುವ ಹುಚ್ಚು ಸಾಹಸ ಬೇಕಾಗಲಿಲ್ಲ. ಅದರ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತರೆ ಸಾಕಾಯಿತು.

ಕಾಗದದ ಮೇಲೆ ಇದೆಲ್ಲ ಚೆಂದ. ಅದೇ ಸಮಿತಿಯಲ್ಲಿ ಕೂತಿದ್ದ ಕೆಟರಿಂಗ್ ಇನ್ನೊಂದು ಕನಸು ಹಿಡಿದುಕೊಂಡಿದ್ದರು. ನೀರಿಲ್ಲದೆ, ತಾಮ್ರದ ರೆಕ್ಕೆಗಳ ಮೂಲಕ ಗಾಳಿಯಿಂದಲೇ ತಣಿಯುವ ಎಂಜಿನ್. ಡು ಪಾಂಟ್ ಅದಕ್ಕೆ ಮನಸೋತರು. ಅಗ್ಗದ ಷೆವರ್ಲೆಯಲ್ಲಿ ಅದೇ ಎಂಜಿನ್ ಬರಲಿ ಎಂದರು, ಎರಡು ವರ್ಷ ಅದರ ಬೆನ್ನು ಹತ್ತಿ ಹೋಯಿತು. 1923ರಲ್ಲಿ ಇಂಥ 759 ಕಾರುಗಳು ಕಾರ್ಖಾನೆಯಿಂದ ಹೊರಬಂದವು. ಸುಮಾರು ನೂರು ಮಾತ್ರ ಗಿರಾಕಿಗಳ ಕೈ ಸೇರಿದ್ದವು. ಎಂಜಿನ್ ಕಾದು ಶಕ್ತಿ ಕಳೆದುಕೊಳ್ಳುತ್ತಿತ್ತು, ಹಾಗಾಗಿ ಎಲ್ಲವನ್ನೂ ವಾಪಸ್ ಕರೆಸಿದರು. ಆ ವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷರಾದ ಸ್ಲೋನ್ ಹಳೆಯ, ನೀರಿನಿಂದ ತಣಿಯುವ ಎಂಜಿನ್ನನ್ನೇ ತಿದ್ದಿಸಿ ಮುಂದುವರಿದರು. ಫೋರ್ಡ್ ಕಂಪನಿ ಬಿಟ್ಟು ಬಂದಿದ್ದ ವಿಲಿಯಂ ನುಡ್‌ಸೆನ್ ಕೈಗೆ ಷೆವರ್ಲೆ ಕೊಟ್ಟರು. ಬೆಲೆ ಮೆಲ್ಲಗೆ ಇಳಿಯುತ್ತ, ಗುಣ ಮೆಲ್ಲಗೆ ಏರುತ್ತ ಬಂತು. ಹೆನ್ರಿ ಫೋರ್ಡ್ ಮಾತ್ರ ಒಂದೇ ಗಾಡಿ, ಒಂದೇ ಹೆಸರು ಎಂಬ ಹಟ ಬಿಡಲಿಲ್ಲ. 1927ರಲ್ಲಿ, ಒಂದೂವರೆ ಕೋಟಿ ಗಾಡಿ ಮಾಡಿದ ಮೇಲೆ, ಟಿ ಮಾಡೆಲನ್ನು ನಿಲ್ಲಿಸಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಷೆವರ್ಲೆ. ಆರು ವರ್ಷ ಹಿಂದೆ ಮುಚ್ಚಿಬಿಡಿ ಎಂದು ತಜ್ಞರು ಬರೆದಿದ್ದ ಹೆಸರು.

ಈ ಲೆಕ್ಕದ ನಿರ್ದಯ ಮುಖವೂ ಬೇಗನೆ ಕಾಣಿಸಿತು. ಷೆವರ್ಲೆಗೂ ಓಲ್ಡ್ಸ್‌ಗೂ ನಡುವೆ ಒಂದು ತೂತು ಕಂಡು, 1926ರಲ್ಲಿ ಅಲ್ಲಿಗೆ ಪಾಂಟಿಯಾಕ್ ಎಂಬ ಹೊಸ ಹೆಸರು ತಂದರು. ಓಕ್‌ಲ್ಯಾಂಡ್ ವಿಭಾಗವೇ ಅದನ್ನು ಹೆತ್ತು ಸಾಕಿದ್ದು. ಐದು ವರ್ಷದಲ್ಲಿ ಮಗು ಬೆಳೆದು ತಾಯಿಯ ಜಾಗ ತುಂಬಿತು, 1931ಕ್ಕೆ ಓಕ್‌ಲ್ಯಾಂಡ್ ಹೆಸರು ಮುಗಿಯಿತು.

ಆಮೇಲಿನ ಅರ್ಧ ಶತಮಾನವನ್ನು ಬೇಗ ದಾಟಬಹುದು, ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ಕೆಡಲು ಶುರುವಾದದ್ದು ಖರ್ಚು ಉಳಿಸುವ ಹೆಸರಿನಲ್ಲಿ ಒಂದೇ ಕಾರಿಗೆ ಬೇರೆ ಬೇರೆ ಬಿಲ್ಲೆ ಅಂಟಿಸಿದಾಗ. 1977ರಲ್ಲಿ ಓಲ್ಡ್ಸ್‌ಮೊಬೈಲ್ ಕೊಂಡವರು ಬಾನೆಟ್ ಎತ್ತಿ ನೋಡಿದರೆ ಒಳಗೆ ಷೆವರ್ಲೆ ಎಂಜಿನ್! ಕೋರ್ಟು ಕಚೇರಿ ಆಯಿತು. ಮೆಟ್ಟಿಲುಗಳು ಒಂದರ ಮೇಲೊಂದು ಕುಸಿದು ಮತ್ತೆ 1921ರ ಸ್ಥಿತಿ ಬಂತು, ಈ ಸಲ ಹೆಸರುಗಳು ಇನ್ನೂ ಹೆಚ್ಚಾಗಿದ್ದವು. 1897ರಲ್ಲಿ ಹುಟ್ಟಿದ ಓಲ್ಡ್ಸ್‌ಮೊಬೈಲ್ 2004ರಲ್ಲಿ ನಿಂತಿತು. 2009ರ ಜೂನ್ 1ರಂದು ಜನರಲ್ ಮೋಟಾರ್ಸ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್, ಸಾಬ್, ಈ ನಾಲ್ಕು ಹೊರಗೆ. ಷೆವರ್ಲೆ, ಕ್ಯಾಡಿಲಾಕ್, ಬ್ಯೂಯಿಕ್, ಜಿಎಂಸಿ ಒಳಗೆ.

ಉಳಿದ ನಾಲ್ಕರಲ್ಲಿ ಎರಡು ಸ್ಲೋನ್ ಲೆಕ್ಕಕ್ಕೆ ಸಿಗುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಅಮೆರಿಕದಲ್ಲಿ ಮುದುಕರ ಕಾರು ಅನ್ನಿಸಿಕೊಂಡಿದ್ದ ಬ್ಯೂಯಿಕ್ ಬದುಕಿದ್ದು ಚೀನಾದಿಂದ. ಅಲ್ಲಿ ಅದು ಆಗ ದೊಡ್ಡವರ ಕಾರಾಗಿತ್ತು, ಅಮೆರಿಕಕ್ಕಿಂತ ಹಲವು ಪಟ್ಟು ಮಾರಾಟವಾಗುತ್ತಿತ್ತು. ಜಿಎಂಸಿ ಟ್ರಕ್ಕಿಗೂ ಷೆವರ್ಲೆ ಟ್ರಕ್ಕಿಗೂ ಗ್ರಿಲ್ಲು, ಬಿಲ್ಲೆ ಬಿಟ್ಟರೆ ಹೆಚ್ಚು ವ್ಯತ್ಯಾಸವಿಲ್ಲ, ಆದರೂ ಅದೇ ಟ್ರಕ್ಕಿಗೆ ಹೆಚ್ಚು ದುಡ್ಡು ಕೊಡುವವರು ಇದ್ದರು. ಅಂಥ ಹೆಸರನ್ನು ಯಾವ ಸಿದ್ಧಾಂತಕ್ಕಾಗಿ ಬಿಡುತ್ತಾರೆ?

ಇದೇ ಕಂಪನಿ ಭಾರತಕ್ಕೆ ಬಂದಾಗ ಏನು ಮಾಡಿತು ಅನ್ನುವುದು ನಮಗೆ ಹೆಚ್ಚು ಬೇಕಾದ ಭಾಗ. ಷೆವರ್ಲೆ ಇಲ್ಲಿಗೆ ಹೊಸದಲ್ಲ. 1928ರಲ್ಲೇ ಮುಂಬಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆದು 1954ರವರೆಗೆ ನಡೆಸಿದ್ದರು. ಮೈಸೂರು ಸೀಮೆಯ ಹಳಬರ ಬಾಯಲ್ಲಿ "ಷವರ್ಲೆಟ್ ಕಾರು" ಅನ್ನುವುದು ಉಳಿದುಕೊಂಡಿತ್ತು. ಆದರೆ 1990ರ ದಶಕದಲ್ಲಿ ಮರಳಿ ಬಂದಾಗ ತಂದದ್ದು ತಮ್ಮ ಜರ್ಮನಿ ಶಾಖೆಯ ಓಪೆಲ್ ಹೆಸರು. 1996ರಲ್ಲಿ ಆಸ್ಟ್ರಾ, 2000ದಲ್ಲಿ ಕೋರ್ಸಾ. ಜನ ಆ ಹೆಸರಿಗೆ ಒಗ್ಗುವಷ್ಟರಲ್ಲಿ, 2003ರಲ್ಲಿ ಷೆವರ್ಲೆ ತಂದು ಪಕ್ಕದಲ್ಲಿ ಕೂರಿಸಿದರು. 2006ರಲ್ಲಿ ಓಪೆಲನ್ನು ಹೊರಗೆ ಕಳಿಸಿದರು. ಓಪೆಲ್ ಇಟ್ಟುಕೊಂಡವರ ಪಾಡು ಏನಾಯಿತು ಎಂಬುದನ್ನು ಯಾವ ಊರಿನ ಗ್ಯಾರೇಜಿನಲ್ಲಾದರೂ ಕೇಳಿ. ಹೆಸರು ಹೋದ ಕೂಡಲೇ ಸೆಕೆಂಡ್‌ಹ್ಯಾಂಡ್ ಬೆಲೆ ಇಳಿಯುತ್ತದೆ, ಸ್ಪೇರ್ ಪಾರ್ಟ್ಸ್ ಅಂಗಡಿಯವನು "ತರಿಸಬೇಕಾಗುತ್ತೆ" ಅನ್ನಲು ಶುರು ಮಾಡುತ್ತಾನೆ. ಡೆಟ್ರಾಯಿಟಿನ ಹಾಳೆಯ ಮೇಲೆ ಅಳಿಸಿದ ಹೆಸರಿನ ಬೆಲೆ ತೆರುವವನು ಕೊಂಡವನು. ಟವೇರಾ ಮಾತ್ರ ಕ್ವಾಲಿಸ್ ಬಿಟ್ಟುಹೋದ ಮೆಟ್ಟಿಲಿನ ಮೇಲೆ ಸರಿಯಾಗಿ ಕೂತಿತು. 2013ರಲ್ಲಿ 1.14 ಲಕ್ಷ ಟವೇರಾಗಳನ್ನು ಹೊಗೆಯ ಮಾನದಂಡದ ಲೋಪಕ್ಕಾಗಿ ವಾಪಸ್ ಕರೆಸಬೇಕಾಗಿ ಬಂದು, ಆ ಹೆಸರಿಗೂ ಮಸಿ ಹತ್ತಿತು.

ನಮ್ಮವರೇ ಆದ ಕಾರು ಕಂಪನಿಗಳಿಗೆ ಈ ಪ್ರಶ್ನೆ ಬಂದಿರಲಿಲ್ಲವೇ? ಬಂದಿತ್ತು. ಬೆಂಗಳೂರಿನ ಸಿಪಾನಿಯವರು 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿದರು. ಆಮೇಲೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಪರವಾನಗಿ ತಂದು ಡಾಲ್ಫಿನ್ ಮಾಡಿದರು. ಹಗುರ ಮೈಯ ಎರಡು ಬಾಗಿಲ ಪುಟ್ಟ ಕಾರು, ರ್‍ಯಾಲಿ ಓಡಿಸುವ ಹುಡುಗರಿಗೆ ಅಚ್ಚುಮೆಚ್ಚು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದೇ ಡಾಲ್ಫಿನ್ ಕಾಲಡಿಯ ನೆಲ ಜಾರಿತು. ಅದನ್ನೇ ಉದ್ದ ಮಾಡಿ ನಾಲ್ಕು ಬಾಗಿಲಿಟ್ಟು ಮೊಂಟಾನಾ ಅಂದರು. ಕೊನೆಗೆ 1990ರ ದಶಕದಲ್ಲಿ ರೋವರ್ ಕಂಪನಿಯ ದೊಡ್ಡ ಕಾರು ಮೊಂಟೆಗೋ. ಬಾದಲ್ ಕೊಂಡವನು ಡಾಲ್ಫಿನ್‌ಗೆ ಏರಲಿಲ್ಲ, ಡಾಲ್ಫಿನ್‌ನವನು ಮೊಂಟೆಗೋಗೆ ಏರುವ ಮಾತೇ ಇಲ್ಲ. ಪ್ರತಿ ಸಲವೂ ಹಳೆಯ ಹೆಸರನ್ನು ಗೊಬ್ಬರಕ್ಕೆ ಹಾಕಿ ಹೊಸ ಗಿರಾಕಿಯನ್ನು ಹುಡುಕಬೇಕಿತ್ತು. ಸಣ್ಣ ಕಂಪನಿಗೆ ಅಷ್ಟು ಉಸಿರು ಎಲ್ಲಿಂದ ಬರಬೇಕು?

ಬೆಂಗಳೂರಿನದೇ ವಿದ್ಯುತ್ ಕಾರು ರೇವಾದ ಕತೆ ಬೇರೆ, ಮತ್ತು ಅದರಲ್ಲಿ ಜನರಲ್ ಮೋಟಾರ್ಸ್ ಎರಡು ಸಲ ಕಾಣಿಸಿಕೊಳ್ಳುತ್ತದೆ.

ಬೆಂಗಳೂರಿನ ಚೇತನ್ ಮೈನಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ, ಅಲ್ಲಿನ ವಿದ್ಯಾರ್ಥಿಗಳ ತಂಡ ಸೂರ್ಯನ ಬಿಸಿಲಿನಿಂದ ಓಡುವ ಕಾರು ಕಟ್ಟಿ ಫ್ಲೋರಿಡಾದಿಂದ ಮಿಷಿಗನ್‌ವರೆಗಿನ ಸ್ಪರ್ಧೆ ಗೆದ್ದಿತು. ಅವರು ಆ ತಂಡದಲ್ಲಿದ್ದರು. ಸ್ಪರ್ಧೆ ನಡೆಸಿದ್ದು ಜನರಲ್ ಮೋಟಾರ್ಸ್. ಆ ಕಂಪನಿ ತಾನೇ 1996ರಲ್ಲಿ ಇವಿ1 ಎಂಬ ವಿದ್ಯುತ್ ಕಾರು ತಂದಾಗ ಅದನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟಿತು. ಷೆವರ್ಲೆ, ಬ್ಯೂಯಿಕ್ ಯಾವ ಹೆಸರನ್ನೂ ಅದಕ್ಕಿಡಲಿಲ್ಲ. ಸ್ಯಾಟರ್ನ್ ಶೋರೂಮುಗಳಲ್ಲಿ ಅನಾಥವಾಗಿ ನಿಂತಿದ್ದ ಆ ಕಾರುಗಳನ್ನು ಕೆಲವೇ ವರ್ಷದಲ್ಲಿ ವಾಪಸ್ ಪಡೆದು, ಬಹುಪಾಲನ್ನು ಪುಡಿ ಮಾಡಿಸಿದರು. ಯಾವ ಮೆಟ್ಟಿಲಿಗೂ ಸೇರದ ಕಾರು ಹಾಗೇ ಹೋಯಿತು.

ಮೈನಿ ಅವರ ಕಾರಿಗೆ ಹೆಸರಿತ್ತು. ಬೊಮ್ಮಸಂದ್ರದ ಕಾರ್ಖಾನೆಯಿಂದ 2001ರಲ್ಲಿ ಹೊರಬಂದ ಅದಕ್ಕೆ ತಾಯಿಯ ಹೆಸರನ್ನೇ ಇಟ್ಟರು, ರೇವಾ. ಎರಡೂವರೆ ಮೀಟರಿಗಿಂತ ತುಸು ಉದ್ದ. ಮುಂದಿನ ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗಾಗುವಷ್ಟರಲ್ಲಿ ಸುಮಾರು 80 ಕಿಲೋಮೀಟರಿಗೆ ಸಿದ್ಧ. ಮೈಗೆ ಬಣ್ಣ ಬಳಿಯುತ್ತಲೇ ಇರಲಿಲ್ಲ; ಪ್ಲಾಸ್ಟಿಕ್ ಹಲಗೆಯನ್ನು ಅಚ್ಚಿಗೆ ಹಾಕುವಾಗಲೇ ಬಣ್ಣ ಬೆರೆಸುತ್ತಿದ್ದರು, ಹಾಗಾಗಿ ಗೀರಿದರೂ ಒಳಗೆ ಅದೇ ಬಣ್ಣ. ಜಯನಗರದ ಗಲ್ಲಿಗಳಲ್ಲಿ ಅದು ಸದ್ದಿಲ್ಲದೆ ಹಿಂದೆ ಬಂದು ನಿಂತರೆ ಜನ ಬೆಚ್ಚಿಬೀಳುತ್ತಿದ್ದರು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಮಾರಾಟವಾಯಿತು. ನಗರಕ್ಕೆ ಗಾಡಿ ತಂದವರು ಕಟ್ಟಬೇಕಾದ ದಿನದ ಸುಂಕ ಇದಕ್ಕಿರಲಿಲ್ಲ, ಆ ಒಂದು ಕಾರಣಕ್ಕೇ ಬೇಡಿಕೆ. ಅಲ್ಲಿನ ಟಿವಿಯವರು ಅದನ್ನು ಲೇವಡಿ ಮಾಡಿ ಮಾಡಿ ಸುಸ್ತಾದರು. ಒಟ್ಟು ಮಾರಿದ್ದು ಕೆಲವೇ ಸಾವಿರ. ದೊಡ್ಡ ಹಣವಿಲ್ಲದೆ ಮುಂದೆ ಹೋಗಲಾಗದ ಸ್ಥಿತಿ.

2009ರಲ್ಲಿ, ಪಾಂಟಿಯಾಕ್, ಸ್ಯಾಟರ್ನ್‌ಗಳಿಗೆ ಬೀಗ ಬೀಳುತ್ತಿದ್ದ ವರ್ಷವೇ, ಜನರಲ್ ಮೋಟಾರ್ಸ್ ಬೊಮ್ಮಸಂದ್ರಕ್ಕೆ ಬಂತು. ತನ್ನ ಸ್ಪಾರ್ಕ್ ಕಾರಿಗೆ ರೇವಾದ ವಿದ್ಯುತ್ ತಂತ್ರ ಅಳವಡಿಸುವ ಒಪ್ಪಂದ. ಇವಿ1ಗೆ ಕೊಡದ ಷೆವರ್ಲೆ ಹೆಸರನ್ನು ಬೆಂಗಳೂರಿನ ತಂತ್ರಕ್ಕೆ ಕೊಡಲು ಮುಂದಾಗಿತ್ತು. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ರೇವಾದ ಶೇಕಡಾ 55.2 ಪಾಲು ಕೊಂಡಿತು. ಎದುರಾಳಿಯ ಮನೆಯಿಂದ ತಂತ್ರ ತರಲು ಒಲ್ಲದೆ ಜನರಲ್ ಮೋಟಾರ್ಸ್ ಎದ್ದು ಹೋಯಿತು.

ಹೊಸ ಒಡೆಯ ಬಂದಾಗ ಹಳೆಯ ಹೆಸರಿಗೆ ಏನಾಗುತ್ತದೆ? ಬಸ್ತಿಹಳ್ಳಿಯ ಶಾಸನದಲ್ಲಿ ಇದಕ್ಕೆ ಸುಮಾರು ಒಂಬತ್ತು ಶತಮಾನ ಹಿಂದಿನ ಉದಾಹರಣೆ ಇದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗೆ ಇಲ್ಲಿ ಬಸದಿ ಕಟ್ಟಿಸಿದ. ತಂದೆಯ ಬಿರುದನ್ನೇ ಹೆಸರಾಗಿಟ್ಟ, ದ್ರೋಹಘರಟ್ಟ ಜಿನಾಲಯ. ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ದೊರೆಗೆ ಒಯ್ದರು. ದೊರೆ ಆಗಷ್ಟೇ ಮಸಣನೆಂಬ ಎದುರಾಳಿಯನ್ನು ಗೆದ್ದಿದ್ದ, ಮನೆಯಲ್ಲಿ ಗಂಡು ಮಗು ಹುಟ್ಟಿತ್ತು. ಖುಷಿಯಲ್ಲಿ ದೇವರಿಗೆ ವಿಜಯ ಪಾರ್ಶ್ವ ಎಂದೂ ಮಗುವಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟು, ಜಾವಗಲ್ ಗ್ರಾಮವನ್ನು ದತ್ತಿ ಬಿಟ್ಟ. ಬೊಪ್ಪನಿಗೆ ಹೇಗನ್ನಿಸಿತೋ ಶಾಸನ ಹೇಳುವುದಿಲ್ಲ. ಗೌರವವೂ ಬಂತು, ಊರಿನ ಆದಾಯವೂ ಬಂತು, ಅಪ್ಪನ ಹೆಸರು ಹಿಂದಿನ ಸಾಲಿಗೆ ಹೋಯಿತು.

ಮಹೀಂದ್ರದವರೂ ದತ್ತಿಯಲ್ಲಿ ಜಿಪುಣತನ ಮಾಡಲಿಲ್ಲ. ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ಮಾಡಬಲ್ಲ ಹೊಸ ಕಾರ್ಖಾನೆ ಎದ್ದಿತು. 2013ರ ಮಾರ್ಚಿನಲ್ಲಿ ಹೊಸ ಕಾರು ಬಂತು, ಹೆಸರು ಮಾತ್ರ ಇ2ಒ. ಓದಲು ಬಾರದು, ಕೂಗಲು ಬಾರದು, ಶೋರೂಮಿನ ಹುಡುಗನೇ ಬಿಡಿಸಿ ಹೇಳಬೇಕು. ಕಂಪನಿಯ ಹೆಸರಿನಲ್ಲಿ ಇನ್ನೂ ಮೂರು ವರ್ಷ ರೇವಾ ಅಂತ ಇತ್ತು; 2016ರಲ್ಲಿ ಅದೂ ಹೋಗಿ ಮಹೀಂದ್ರ ಎಲೆಕ್ಟ್ರಿಕ್ ಆಯಿತು.

1921ರ ಹಾಳೆಯನ್ನು ಇಲ್ಲಿಟ್ಟು ನೋಡಿದರೆ ನನಗೆ ಈ ನಿರ್ಧಾರ ಒಪ್ಪಿಗೆಯಾಗುವುದಿಲ್ಲ. ಜೀಪು, ಟ್ರ್ಯಾಕ್ಟರು, ಬೊಲೆರೊ, ಸ್ಕಾರ್ಪಿಯೋ ಮಾಡುವ ಮನೆಯಲ್ಲಿ ಪೇಟೆಯೊಳಗೆ ಓಡುವ ಪುಟ್ಟ ವಿದ್ಯುತ್ ಕಾರಿನ ಮೆಟ್ಟಿಲಿನ ಮೇಲೆ ಬೇರೆ ಯಾರೂ ನಿಂತಿರಲಿಲ್ಲ. ಯಾರ ಜೊತೆಗೂ ತಳ್ಳಾಟವಿರಲಿಲ್ಲ. ಲಾಭವಿರಲಿಲ್ಲ, ನಿಜ, ಷೆವರ್ಲೆಗೂ ಇರಲಿಲ್ಲ. ಹೆಸರಿಗೆ ಲೇವಡಿಯ ಕಳಂಕ ತಟ್ಟಿತ್ತು ಎನ್ನುವುದಾದರೆ, ಲೇವಡಿಗೆ ಸಿಕ್ಕಿದ್ದು ಲಂಡನ್ನಿನ ಜಿ-ವಿಜ್. ಬೆಂಗಳೂರಿನಲ್ಲಿ ವಿದ್ಯುತ್ ಕಾರು ಯಾರದೇ ಇರಲಿ, ಕಂಡವರು "ರೇವಾ ಹೋಯ್ತು ನೋಡು" ಅನ್ನುತ್ತಿದ್ದ ಕಾಲ ಅದು. ದುಡ್ಡು ಸುರಿದರೂ ಕೊಳ್ಳಲು ಸಿಗದ ಇಂಥ ಪರಿಚಯವನ್ನು ಪುಕ್ಕಟೆ ಸಿಕ್ಕರೂ ಇಟ್ಟುಕೊಳ್ಳಲಿಲ್ಲ. ಇ2ಒ ಮಾರಾಟ ಕುಂಟುತ್ತ ಸಾಗಿ 2019ರಲ್ಲಿ ನಿಂತಿತು. ರೇವಾ ಅಂತ ಕರೆದಿದ್ದರೆ ಓಡುತ್ತಿತ್ತು ಎಂದು ನಾನು ಹೇಳಲಾರೆ. ಬೆಲೆ ಹೆಚ್ಚು, ಚಾರ್ಜ್ ಮಾಡುವ ಜಾಗ ಕಡಿಮೆ, ಅದರ ಕಷ್ಟ ಬರೀ ಹೆಸರಿನದಾಗಿರಲಿಲ್ಲ.

ಹಳೆಯ ಹೆಸರಿನ ಬೆಲೆ ಆ ಮನೆಗೆ ತಿಳಿಯದ್ದೂ ಅಲ್ಲ. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಬೈಕು ಮಾಡಿದ ಐಡಿಯಲ್ ಜಾವಾ ಕಾರ್ಖಾನೆಯ ಹೆಸರುಗಳನ್ನು ಮತ್ತೆ ಎತ್ತಿಕೊಂಡು 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಬೀದಿಗೆ ತಂದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಲ್ಲಿ ದೊಡ್ಡ ಪಾಲು ಮಹೀಂದ್ರದ್ದೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾರ್ಖಾನೆಯೇ ಇಲ್ಲದ ಹೆಸರಿಗೆ ಬುಕಿಂಗ್ ಮಾಡಲು ಜನ ಮುಗಿಬಿದ್ದರು.

2024ರ ನವೆಂಬರಿನಲ್ಲಿ ಮಹೀಂದ್ರ ತನ್ನ ದೊಡ್ಡ ವಿದ್ಯುತ್ ಕಾರುಗಳನ್ನು ತೋರಿಸಿತು. ಒಂದರ ಹೆಸರು ಬಿಇ 6ಇ. "6ಇ" ನಮ್ಮ ಗುರುತು ಎಂದು ಇಂಡಿಗೋ ವಿಮಾನ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. ಎರಡು ವಾರ ಕಳೆಯುವ ಮೊದಲೇ ಕಾರಿನ ಹೆಸರಿನಿಂದ ಕೊನೆಯ ಅಕ್ಷರವನ್ನು ತೆಗೆದು ಬಿಇ 6 ಅಂತ ಮಾಡಿ ಮಾರಾಟಕ್ಕೆ ಇಟ್ಟರು.